ಹಳದಿ ಬಿಲ್ಲೆ

ಫೆಬ್ರವರಿ 9

ಪ್ರೀತಿಯ ಪುಟ್ಟಿ,

ಕಾಗದ ನೋಡಿ ಹೌಹಾರಬೇಡ. ಯಾರೂ ಸತ್ತಿಲ್ಲ. ಅಮ್ಮ ಹೋದ ಮೇಲೆ ನಾವಿಬ್ಬರೂ ಫೋನಿನಲ್ಲಿ ಮಾತಾಡಿದ್ದಕ್ಕಿಂತ ಜಗಳ ಆಡಿದ್ದೇ ಹೆಚ್ಚು. ಹೋದ ಸಲವಂತೂ ಅಮ್ಮನ ಹೊಲಿಗೆ ಯಂತ್ರ ಯಾರಿಗೆ ಸೇರಬೇಕು ಎಂಬಲ್ಲಿಂದ ಶುರುವಾದದ್ದು, ಚಿಕ್ಕಂದಿನಲ್ಲಿ ನಾನು ನಿನ್ನ ಜಡೆ ಕತ್ತರಿಸಿದ್ದರವರೆಗೂ ಹೋಯಿತು. ಫೋನಿನಲ್ಲಿ ನೀನು ನನ್ನ ಮಾತು ಮುಗಿಯಲು ಬಿಡುವುದಿಲ್ಲ, ನಾನು ನಿನ್ನ ಮಾತು ಶುರುವಾಗಲು ಬಿಡುವುದಿಲ್ಲ. ಕಾಗದದಲ್ಲಿ ಆ ತಾಪತ್ರಯ ಇಲ್ಲ. ಇನ್ನು ಮೇಲೆ ಹೀಗೇ ಬರೆಯೋಣ. ಯಂತ್ರ ನಿನ್ನ ಬಳಿಯೇ ಇರಲಿ. ನನಗೆ ಸೂಜಿಗೆ ದಾರ ಪೋಣಿಸಲೂ ಬರುವುದಿಲ್ಲ, ಸುಮ್ಮನೆ ಹಟಕ್ಕೆ ಕೇಳಿದ್ದೆ.

ಬರೆಯುವುದಕ್ಕೆ ಇನ್ನೊಂದು ಕಾರಣವೂ ಇದೆ. ನಿಮ್ಮವರು ಲಾರಿ ಓಡಿಸುವ ಸರಕು ಸಾಗಣೆ ಕಂಪನಿಯ ಕೆಲಸ ನಮ್ಮ ಆಫೀಸಿಗೆ ಬಂದಿದೆ. ಯಾವ ಡ್ರೈವರ್ ಯಾವಾಗ ಯಾವ ಲಾರಿ ಹತ್ತಬೇಕು, ನಡುವೆ ಎಷ್ಟು ಹೊತ್ತು ವಿಶ್ರಾಂತಿ ಪಡೆಯಬೇಕು ಎಂಬುದನ್ನೆಲ್ಲ ಇನ್ನು ಮುಂದೆ ಕಂಪ್ಯೂಟರ್ ನಿರ್ಧರಿಸುತ್ತದೆ. ಆ ಪ್ರಾಜೆಕ್ಟಿಗೆ ನಾನೇ ಮುಖ್ಯಸ್ಥೆ. ಬಟ್ಟೆ ಅಂಗಡಿಯವರ ಕೆಲಸವೂ ಇತ್ತು, ಆರಾಮದ್ದು. ನಾನು ಇದನ್ನೇ ಕೇಳಿ ಪಡೆದೆ. ಅಮ್ಮನ ಮನೆ ಖಾಲಿ ಮಾಡಿದ ದಿನ ನಿಮ್ಮವರು ಗೋಡೆಗೆ ಒರಗಿ ಕೂತಲ್ಲೇ ತೂಕಡಿಸುತ್ತಿದ್ದುದು ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ. ಹೊಸ ವ್ಯವಸ್ಥೆ ಬಂದ ಮೇಲೆ, ಒಂದು ಡ್ಯೂಟಿ ಮುಗಿಸಿದ ಡ್ರೈವರಿಗೆ ಪೂರ್ತಿ ಹತ್ತು ಗಂಟೆ ವಿಶ್ರಾಂತಿ ಆಗದೆ ಇನ್ನೊಂದು ಡ್ಯೂಟಿ ಕೊಡಲು ಆಗುವುದೇ ಇಲ್ಲ. ಸಾಹೇಬರು ಬಂದು ಕುಣಿದರೂ ಆಗುವುದಿಲ್ಲ.

ನನ್ನ ತಂಡದಲ್ಲಿ ಹನ್ನೊಂದು ಜನ. ಕೋಣೆಯಲ್ಲೊಂದು ದೊಡ್ಡ ಬಿಳಿ ಹಲಗೆ ಇದೆ. ಪ್ರತಿ ಸೋಮವಾರ ಪ್ರತಿಯೊಬ್ಬರೂ ತಮ್ಮ ಕೆಲಸದ ಮುಂದೆ ಒಂದು ಅಯಸ್ಕಾಂತದ ಬಿಲ್ಲೆ ಅಂಟಿಸಬೇಕು. ಎಲ್ಲ ಸರಿಯಿದ್ದರೆ ಹಸಿರು, ಅನುಮಾನವಿದ್ದರೆ ಹಳದಿ, ಕೆಟ್ಟಿದ್ದರೆ ಕೆಂಪು. ನನ್ನದು ಒಂದೇ ನಿಯಮ. ಹಳದಿಯನ್ನೋ ಕೆಂಪನ್ನೋ ತಂದವರು ಅದರ ಪರಿಹಾರವನ್ನೂ ಜೊತೆಗೆ ತರಬೇಕು. ಬರೀ ಗೋಳು ತರಬಾರದು. ನನಗಿಂತ ಹಿಂದಿನವನ ಕಾಲದಲ್ಲಿ ಸೋಮವಾರದ ಸಭೆ ಊಟದ ಹೊತ್ತಿನವರೆಗೂ ಎಳೆಯುತ್ತಿತ್ತಂತೆ. ಈಗ ಕಾಫಿ ಆರುವುದರೊಳಗೆ ಮುಗಿಯುತ್ತದೆ.

ನಿಮ್ಮವರಿಗೆ ಹೇಳು, ಇನ್ನು ನಿದ್ದೆಗೆಡುವುದು ಬೇಕಾಗಿಲ್ಲ ಎಂದು. ಅದಕ್ಕೆ ನಾನು ಹೊಣೆ.

ಜಡೆ ಕತ್ತರಿಸಿದ
ನಿನ್ನ ಅಕ್ಕ


ಫೆಬ್ರವರಿ 24

ಅಕ್ಕ,

ನಮ್ಮ ಬೀದಿಗೆ ಕೈಬರಹದ ಕಾಗದ ಬಂದು ಎಷ್ಟು ಕಾಲವಾಯಿತೋ. ಪೋಸ್ಟಿನವನು ವಿಳಾಸವನ್ನು ಎರಡು ಸಲ ಓದಿ, ನನ್ನನ್ನು ಒಂದು ಸಲ ನೋಡಿ ಕೊಟ್ಟ.

ಹೊಲಿಗೆ ಯಂತ್ರ ನನ್ನ ಬಳಿಯೇ ಇರಲಿ ಎಂದು ಬರೆದಿದ್ದೀಯ. ಬಹಳ ಉಪಕಾರವಾಯಿತು. ಅದು ಮೊದಲಿಂದಲೂ ನನ್ನ ಬಳಿಯೇ ಇದೆ.

ನಿನ್ನ ಸುದ್ದಿ ಓದಿ ಹೇಳಿದ್ದೇ ತಡ, ಇವರು ಹಿಗ್ಗಿ ಹೀರೆಕಾಯಿಯಾದರು. ಡಿಪೋದಲ್ಲಿ ಕಂಡಕಂಡವರಿಗೆಲ್ಲ, "ಇನ್ಮೇಲೆ ನಮ್ಗೆ ಡ್ಯೂಟಿ ಹಾಕೋದು ನಮ್ಮ ಅತ್ತಿಗೆ" ಎಂದು ಹೇಳಿಕೊಂಡು ತಿರುಗುತ್ತಿದ್ದಾರೆ. ಈಗ ಡ್ಯೂಟಿ ಹಾಕುವುದು ಡಿಪೋದ ಗುಮಾಸ್ತರು. ಕರಿಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆಯುತ್ತಾರೆ. ಬೇಕಾದವರಿಗೆ ಒಳ್ಳೆಯ ರಸ್ತೆ, ಬೇಡದವರಿಗೆ ಬೆಟ್ಟದ ರಸ್ತೆ. ಒಮ್ಮೊಮ್ಮೆ ಮಾತ್ರ ಇವರ ಮುಖ ನೋಡಿ, "ಹೋಗಿ ಮಲ್ಕೊಳ್ಳಯ್ಯ, ಹೆಣದ ಥರ ಕಾಣ್ತಿದೀಯ" ಎಂದು ಮನೆಗೆ ಅಟ್ಟಿದ್ದೂ ಉಂಟು. ಅಕ್ಕನ ಕಂಪ್ಯೂಟರಿಗೆ ಮುಖ ಕಾಣಿಸುತ್ತದೆಯೇ ಎಂದು ಕೇಳಿದೆ. "ಅದಕ್ಕೆ ಮುಖ ಯಾಕೆ, ಗಂಟೆ ಲೆಕ್ಕ ಸಾಕು" ಎಂದರು. ನಿನ್ನ ವಕೀಲರು ನನ್ನ ಮನೆಯಲ್ಲೇ ಇದ್ದಾರೆ ನೋಡು.

ಮೊನ್ನೆ ಮಗಳು ಹೊಟ್ಟೆನೋವು ಎಂದಳು. ದೊಡ್ಡಮ್ಮನ ನಿಯಮದ ಪ್ರಕಾರ, "ಪರಿಹಾರ ತಂದಿದೀಯಾ?" ಎಂದು ಕೇಳಿದೆ. "ಸ್ಕೂಲಿಗೆ ಹೋಗದೆ ಇರೋದು" ಎಂದಳು. ಅವಳನ್ನು ನಿನ್ನ ತಂಡಕ್ಕೆ ಸೇರಿಸಿಕೊ. ನಾನಂತೂ ಅಲ್ಲಿ ಒಂದು ವಾರವೂ ಬಾಳುತ್ತಿರಲಿಲ್ಲ. ಅಮ್ಮನ ಹತ್ತಿರ ನಾವು ಪರಿಹಾರ ತೆಗೆದುಕೊಂಡು ಹೋಗುತ್ತಿದ್ದೆವೇ? ಗೋಳನ್ನೇ ತೆಗೆದುಕೊಂಡು ಹೋಗುತ್ತಿದ್ದೆವು. ಅವಳು ಕೆಲಸ ಬಿಟ್ಟು ಕೇಳುತ್ತಿದ್ದಳು, ಅಷ್ಟಕ್ಕೇ ಅರ್ಧ ಹಗುರಾಗುತ್ತಿತ್ತು.

ತಮಾಷೆಗೆ ಹೇಳಿದೆ, ಸಿಟ್ಟಾಗಬೇಡ. ಇವರಿಗೆ ನಿದ್ದೆ ಸಿಕ್ಕರೆ ನಿನ್ನ ಎಲ್ಲ ನಿಯಮಗಳಿಗೂ ನನ್ನ ನಮಸ್ಕಾರ.

ನಿನ್ನ ಪುಟ್ಟಿ


ಏಪ್ರಿಲ್ 6

ಪುಟ್ಟಿ,

ತಡವಾಗಿ ಬರೆಯುತ್ತಿದ್ದೇನೆ, ಬೈಯಬೇಡ. ನನ್ನ ಮೇಲಧಿಕಾರಿ ಒಬ್ಬರಿದ್ದಾರೆ, ನಾವೆಲ್ಲ ಅವರನ್ನು ದೊಡ್ಡವರು ಎನ್ನುತ್ತೇವೆ. ಜೂನ್ ಮೊದಲ ದಿನವೇ ಎಲ್ಲವೂ ಶುರುವಾಗುತ್ತದೆ ಎಂದು ಲಾರಿ ಕಂಪನಿಯವರಿಗೆ ಮಾತು ಕೊಟ್ಟು ಬಂದಿದ್ದಾರೆ. ನನ್ನನ್ನು ಕೇಳಿ ಕೊಟ್ಟದ್ದಲ್ಲ. ಆಗುವುದಿಲ್ಲ ಎನ್ನಲು ಬಾಯಿ ತೆರೆದೆ. "ಆಗಲ್ಲ ಅನ್ನೋರು ಬೇಕಾದಷ್ಟು ಜನ ಇದಾರೆ. ಆಗತ್ತೆ ಅನ್ನೋರು ಬೇಕು ಅಂತಾನೇ ನಿಮ್ಮನ್ನ ಆರಿಸಿದ್ದು" ಎಂದರು. ಬಾಯಿ ಮುಚ್ಚಿಕೊಂಡು ಬಂದು ತಂಡದ ಮುಂದೆ ಆಗುತ್ತದೆ ಎಂದೆ.

ಅಂದಿನಿಂದ ನಮ್ಮ ಕೋಣೆಯಲ್ಲಿ ಕೀಲಿಮಣೆಯ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಕಿಟಕಿಯ ಮೇಲೆ ಕಾಗದದ ಲೋಟಗಳು ಒಂದರೊಳಗೊಂದು ಸೇರಿ ಗೋಪುರವಾಗಿವೆ. ಎತ್ತಿ ಹಾಕಲು ಯಾರಿಗೂ ಪುರುಸೊತ್ತಿಲ್ಲ.

ನಾವು ಮಾಡಿದ್ದರಲ್ಲಿ ತಪ್ಪು ಹುಡುಕುವುದೇ ಕೆಲಸವಾಗಿರುವ ಹುಡುಗಿಯೊಬ್ಬಳಿದ್ದಾಳೆ. ಇಡೀ ದಿನ ತುಟಿಪಿಟಿಕ್ಕೆನ್ನುವುದಿಲ್ಲ, ಎಲ್ಲರೂ ಮೌನಗೌರಿ ಎಂದೇ ಕರೆಯುತ್ತಾರೆ. ಹೋದ ಸೋಮವಾರ ಅವಳು ವಿಶ್ರಾಂತಿಯ ಲೆಕ್ಕದ ಮುಂದೆ ಹಳದಿ ಬಿಲ್ಲೆ ಅಂಟಿಸಿದಳು. "ಪರಿಹಾರ ಏನಮ್ಮಾ?" ಎಂದೆ. "ಮೇಡಂ, ಅದು ಲಾರಿ ಖಾಲಿ ಇದ್ದಾಗ..." ಎಂದು ಶುರು ಮಾಡಿದಳು. "ಕಥೆ ಆಮೇಲೆ ಹೇಳುವಂತೆ, ಮೊದ್ಲು ಪರಿಹಾರ" ಎಂದೆ. ಪೆನ್ನಿನ ಮುಚ್ಚಳ ತೆಗೆಯುತ್ತ ಹಾಕುತ್ತ ನಿಂತಳು. "ಗೊತ್ತಿಲ್ಲ ಮೇಡಂ, ಅದು ನಮ್ಮ ಕೈಲಿರೋದಲ್ಲ" ಎಂದಳು. ಉಳಿದವರು ಮುಸಿಮುಸಿ ನಕ್ಕರು. "ಹಾಗಾದ್ರೆ ಹುಡುಕ್ಕೊಂಡು ಬಾ" ಎಂದು ಮುಂದಿನವರಿಗೆ ಹೋದೆ. ಈ ಸೋಮವಾರ ನೋಡಿದರೆ ಅದೇ ಜಾಗದಲ್ಲಿ ಹಸಿರು. ನೀನು ನಗಾಡಿದ ನಿಯಮ ಹೇಗೆ ಕೆಲಸ ಮಾಡುತ್ತದೆ ನೋಡು.

ನಿದ್ದೆ ಈಗ ನನಗೇ ಇಲ್ಲ. ಆದರೆ ನಿಮ್ಮವರ ನಿದ್ದೆಗಾಗಿ ಅಲ್ಲವೇ ಎಂದುಕೊಂಡರೆ ಎದ್ದು ಕೂರಲು ಬಲ ಬರುತ್ತದೆ. ಅವರಿಗೆ ಇದನ್ನು ಹೇಳಬೇಡ, ಇನ್ನೂ ಹಿಗ್ಗಿಬಿಡುತ್ತಾರೆ.

ಅವಸರದಲ್ಲಿ,
ಅಕ್ಕ


ಜೂನ್ 3

ಪುಟ್ಟಿ,

ಶುರುವಾಯಿತು. ಹೇಳಿದ ದಿನಕ್ಕೇ ಶುರುವಾಯಿತು. ಹಲಗೆಯ ಮೇಲೆ ಮೇಲಿಂದ ಕೆಳಗಿನವರೆಗೆ ಹಸಿರು. ದೊಡ್ಡವರು ಎಲ್ಲರೆದುರು ನನ್ನ ಕೈ ಕುಲುಕಿದರು. ಮೌನಗೌರಿ ಮಾತ್ರ ಮೂಲೆಯಲ್ಲಿ ನಿಂತು ಹಲಗೆಯನ್ನೇ ನೋಡುತ್ತಿದ್ದಳು. ಸುಸ್ತಾಗಿರಬೇಕು, ರಜೆ ತಗೊ ಎಂದೆ.

ನಿನ್ನಿಂದ ಮಾತೇ ಇಲ್ಲ. ನಿಮ್ಮವರು ಏನೆಂದರು? ಒಳ್ಳೆಯ ನಿದ್ದೆ ಆಗುತ್ತಿದೆಯೇ? ಒಂದು ಸಾಲು ಬರೆ.

ಅಕ್ಕ


ಜುಲೈ 11

ಅಕ್ಕ,

ಬರೆಯಲಿಲ್ಲ ಎಂದು ಬೇಸರ ಮಾಡಿಕೊಳ್ಳಬೇಡ. ಶಾಲೆ ಶುರುವಾಗುವ ಕಾಲ, ಹೊಲಿಯಲು ಬಂದ ಯೂನಿಫಾರ್ಮಿನ ರಾಶಿಯಲ್ಲಿ ನಾನೇ ಕಾಣಿಸುತ್ತಿರಲಿಲ್ಲ. ಇದು ಅರ್ಧ ನಿಜ. ಇನ್ನರ್ಧ ಈಗ ಬರೆಯುತ್ತೇನೆ.

ಇವರು ಮನೆಗೆ ಬರುವುದೇ ಕಡಿಮೆಯಾಗಿದೆ. ದೂರದ ಡಿಪೋದಲ್ಲಿ ಸರಕು ಇಳಿಸಿದ ಮೇಲೆ, ಅಲ್ಲಿಂದ ಒಂದು ಖಾಲಿ ಲಾರಿಯನ್ನು ಇನ್ನೊಂದು ಡಿಪೋಗೆ ಬಿಟ್ಟು ಬಾ ಎನ್ನುತ್ತಾರಂತೆ. ಅಲ್ಲಿಗೆ ತಲುಪುವುದರೊಳಗೆ ಮುಂದಿನ ಡ್ಯೂಟಿ ಬಾಯಿ ತೆರೆದು ಕಾದಿರುತ್ತದಂತೆ. ಮೊದಲೂ ಖಾಲಿ ಲಾರಿ ಇರುತ್ತಿತ್ತು, ಎಲ್ಲೋ ಅಪರೂಪಕ್ಕೆ. ಈಗ ದಿನ ಬಿಟ್ಟು ದಿನ ಅದೇ ಆಗಿದೆ. ಮೊನ್ನೆ ಬಂದವರು ಬೂಟು ಬಿಚ್ಚದೆ ಅಡುಗೆಮನೆಯ ಹೊಸ್ತಿಲ ಮೇಲೆ ತಲೆಯಿಟ್ಟು ಮಲಗಿಬಿಟ್ಟರು. ಅವರನ್ನು ದಾಟಿಕೊಂಡೇ ಅಡುಗೆ ಮಾಡಿದೆ. ಎದ್ದವರು ಟೀಗೆ ಉಪ್ಪು ಹಾಕಿಕೊಂಡು ಕುಡಿದರು. ಲೋಟ ಖಾಲಿ ಮಾಡಿದರು ಅಕ್ಕ, ಗೊತ್ತೇ ಆಗಲಿಲ್ಲ ಅವರಿಗೆ. ಮಗಳು ನಕ್ಕಳು. ನನಗೆ ನಗು ಬರಲಿಲ್ಲ.

ಅಕ್ಕನಿಗೆ ಬರೀಲಾ ಎಂದು ಕೇಳಿದೆ. "ಬೇಡ ಕಣೆ. ಹೊಸದು, ಸರಿಹೋಗತ್ತೆ. ನಾವೇ ಅವರ ಹೆಸರಿಗೆ ಮಸಿ ಬಳಿದ ಹಾಗಾಗತ್ತೆ" ಎಂದರು. ಆದರೂ ಬರೆಯುತ್ತಿದ್ದೇನೆ. ನಿನ್ನ ನಿಯಮ ಮರೆತಿಲ್ಲ. ನನ್ನ ಬಳಿ ಪರಿಹಾರ ಇಲ್ಲ. ಅದಕ್ಕೇ ಇಷ್ಟು ದಿನ ಪೆನ್ನು ಹಿಡಿಯಲಿಲ್ಲ.

ನಿನ್ನ ಪುಟ್ಟಿ


ಜುಲೈ 19

ಪುಟ್ಟಿ,

ನಿನ್ನ ಕಾಗದ ಓದಿದ ಕೂಡಲೇ ಬೇರೆಲ್ಲ ಕೆಲಸ ಬದಿಗಿಟ್ಟು ನಿಮ್ಮವರ ಡ್ಯೂಟಿಯ ವಿವರ ತೆಗೆದು ನೋಡಿದೆ. ಶುರುವಾದ ದಿನದಿಂದ ನಿನ್ನೆಯವರೆಗೆ ಒಂದೊಂದಾಗಿ ನೋಡಿದೆ. ಎರಡು ಡ್ಯೂಟಿಗಳ ನಡುವೆ ಹತ್ತು ಗಂಟೆಗಿಂತ ಕಡಿಮೆ ವಿಶ್ರಾಂತಿ ಒಂದು ಸಲವೂ ಇಲ್ಲ. ಬಹಳ ಸಲ ಹೆಚ್ಚೇ ಇದೆ. ಇಡೀ ಡಿಪೋದಲ್ಲಿ ಅವರಷ್ಟು ವಿಶ್ರಾಂತಿ ಪಡೆದವರು ಇನ್ನೊಬ್ಬರಿಲ್ಲ. ಅವರು ಹೇಳುವ ಖಾಲಿ ಲಾರಿ ನನ್ನ ಪರದೆಯ ಮೇಲೆ ಎಲ್ಲೂ ಕಾಣುವುದಿಲ್ಲ.

ಇದನ್ನು ಬರೆಯುವುದು ನನಗೂ ಕಷ್ಟ. ಡ್ಯೂಟಿಯಲ್ಲೂ ಇಲ್ಲ, ಮನೆಗೂ ಬರುವುದಿಲ್ಲ ಎಂದರೆ ಆ ಹೊತ್ತಿನಲ್ಲಿ ಅವರು ಎಲ್ಲಿರುತ್ತಾರೆ? ನೀನು ನನ್ನ ತಂಗಿ. ನಾನಲ್ಲದೆ ಇನ್ಯಾರು ನಿನಗೆ ಹೇಳಬೇಕು? ಜಗಳ ಆಡಬೇಡ, ಸಮಾಧಾನವಾಗಿ ಕೂರಿಸಿಕೊಂಡು ಕೇಳು. ಕಂಪ್ಯೂಟರಿಗೆ ಯಾರ ಮೇಲೂ ಹೊಟ್ಟೆಕಿಚ್ಚಿಲ್ಲ. ಅದು ಇದ್ದದ್ದನ್ನು ಇದ್ದ ಹಾಗೆ ಹೇಳುತ್ತದೆ.

ಏನೇ ಇರಲಿ, ನಿನ್ನ ಬೆನ್ನಿಗೆ ನಾನಿದ್ದೇನೆ.

ಅಕ್ಕ


ಆಗಸ್ಟ್ 8

ಅಕ್ಕ,

ನೀನು ಹೇಳಿದಂತೆ ಸಮಾಧಾನವಾಗಿಯೇ ಕೇಳಿದೆ. ಇವರು ಊಟಕ್ಕೆ ಕೂತಿದ್ದರು. ತಟ್ಟೆಯಿಂದ ಕೈ ತೆಗೆದು, "ಅತ್ತಿಗೆ ಹಾಗಂದ್ರಾ?" ಎಂದಷ್ಟೇ ಕೇಳಿದರು. ಆಮೇಲೆ ಕೈ ತೊಳೆದುಕೊಂಡು, ಮಗಳ ತಲೆ ಸವರಿ, ಡ್ಯೂಟಿಗೆ ಹೋದರು. ನಾನು ತಡೆಯಲಿಲ್ಲ. ಅವರು ಬಾಯಿಬಿಟ್ಟು ಉತ್ತರ ಹೇಳಲಿಲ್ಲವಲ್ಲ ಎಂಬುದೇ ನನ್ನ ತಲೆ ಕೊರೆಯುತ್ತಿತ್ತು.

ಆ ಸಲ ಹೊರಟವರ ಲಾರಿ, ಮೂರನೆಯ ದಿನ ಬೆಳಗ್ಗೆ, ರಸ್ತೆ ಬದಿಯಲ್ಲಿ ಕಾರು ನಿಲ್ಲಿಸಿ ಚಕ್ರ ಬದಲಿಸುತ್ತಿದ್ದ ಒಬ್ಬರ ಮೇಲೆ ಹರಿಯಿತು. ನೇರವಾದ ರಸ್ತೆ. ಬೆಳಕು ಚೆನ್ನಾಗಿತ್ತು. ಬ್ರೇಕ್ ಹಾಕಿದ ಗುರುತೇ ಇಲ್ಲವಂತೆ. ಹೋದವರು ಬಡಗಿ. ಅವರ ಹೆಂಡತಿ ಕಾರಿನೊಳಗೆ ಕೂತಿದ್ದರು. ಇವರಿಗೆ ಭುಜದ ಮೂಳೆ ಮುರಿದಿದೆ, ಅಷ್ಟೇ. ಅಷ್ಟೇ ಎಂದು ಬರೆಯಲು ನಾಚಿಕೆಯಾಗುತ್ತದೆ.

ಪೊಲೀಸರು ಆಸ್ಪತ್ರೆಯ ಮಂಚದ ಪಕ್ಕದಲ್ಲೇ ಕೂತಿದ್ದರು. ಕಂಪನಿಯವರೂ ಬಂದರು. "ಹದಿನಾರು ಗಂಟೆ ರೆಸ್ಟ್ ಆಗಿದೆ ನಿಂಗೆ. ಮತ್ಯಾಕೆ ನಿದ್ದೆ ಬಂತು? ಎಲ್ಲಿಗೆ ಹೋಗಿದ್ದೆ?" ಎಂದು ಕೇಳಿದರು. ಇವರು ತಿರುಗಿ ನನ್ನ ಮುಖ ನೋಡಿದರು. ಅದೇ ಪ್ರಶ್ನೆ ಕೇಳಿ ನಾನು ಅವರನ್ನು ಮನೆಯಿಂದ ಕಳಿಸಿದ್ದೆ, ಅಕ್ಕ.

ಪುಟ್ಟಿ


ಆಗಸ್ಟ್ 21

ಪುಟ್ಟಿ,

ನಿನ್ನ ಕಾಗದ ಬಂದ ದಿನ ಮೌನಗೌರಿಯನ್ನು ನನ್ನ ಕೋಣೆಗೆ ಕರೆದು, ಬಾಗಿಲು ಹಾಕಿಕೊಂಡು ಮಾತಾಡಿದೆ. ಏನು ಮಾತಾಡಿದೆ ಎಂದು ಈಗ ಬರೆಯಲಾರೆ. ಒಂದು ವಿಷಯ ಇದೆ. ಅದನ್ನು ಬರಿಗೈಯಲ್ಲಿ ಹೋಗಿ ದೊಡ್ಡವರ ಮುಂದೆ ಹೇಳಿದರೆ ಅಲ್ಲೇ ಹೂತುಬಿಡುತ್ತಾರೆ. ಸರಿ ಮಾಡುವ ದಾರಿಯನ್ನು ಪೂರ್ತಿ ಸಿದ್ಧ ಮಾಡಿಕೊಂಡು, ಪರೀಕ್ಷೆ ಮಾಡಿ, ಕೈಯಲ್ಲಿ ಹಿಡಿದುಕೊಂಡು ಹೋದರೆ ನನ್ನ ಬಾಯಿ ಮುಚ್ಚಿಸಲು ಯಾರಿಂದಲೂ ಆಗದು. ಸ್ವಲ್ಪ ತಡೆದುಕೊ. ನಾನೇ ಮುಂದೆ ಕೂತು ಮಾಡಿಸುತ್ತಿದ್ದೇನೆ.

ಆಸ್ಪತ್ರೆಗೆ ಬರಬೇಕೆಂದು ಎರಡು ಸಲ ಬಸ್ ನಿಲ್ದಾಣದವರೆಗೆ ಹೋಗಿ ವಾಪಸು ಬಂದೆ. ನಿಮ್ಮವರ ಮುಖ ನೋಡಿ ಏನು ಹೇಳಲಿ? ಹೇಳುವುದಕ್ಕೆ ಕೈಯಲ್ಲಿ ಏನಾದರೂ ಇರಬೇಕಲ್ಲ.

ಅಕ್ಕ


ಸೆಪ್ಟೆಂಬರ್ 5

ಅಕ್ಕ,

ಇವರನ್ನು ಮನೆಗೆ ಕಳಿಸಿದ್ದಾರೆ. ಕೈಯನ್ನು ಕೊರಳಿಗೆ ಕಟ್ಟಿದ್ದಾರೆ. ವಿಚಾರಣೆಗೆ ಕರೆದಾಗಲೆಲ್ಲ ನಾನೇ ಅಂಗಿ ಹಾಕಿ ಕಳಿಸುತ್ತೇನೆ.

ವಿಚಾರಣೆಯಲ್ಲಿ ಪರದೆ ತೋರಿಸುತ್ತಾರಂತೆ. ಇವರು ವಿಶ್ರಾಂತಿ ಪಡೆದ ಹೊತ್ತೆಲ್ಲ ಅದರ ಮೇಲೆ ಹಸಿರು ಪಟ್ಟಿಯಾಗಿ ಕಾಣುತ್ತದಂತೆ. ಮೊದಲ ಸಲ ಇವರು, "ಆಗ ನಾನು ಖಾಲಿ ಗಾಡಿ ಓಡಿಸ್ತಿದ್ದೆ ಸಾರ್" ಎಂದರು. ಅದಕ್ಕೆ ಸಾಕ್ಷಿ ಎಲ್ಲಿ ಎಂದರು. ಖಾಲಿ ಲಾರಿಗಳ ಲೆಕ್ಕ ಬೇರೆ ಕಂಪ್ಯೂಟರಿನಲ್ಲಿ ಇರುತ್ತದಂತೆ, ಅದರಲ್ಲಿ ಲಾರಿಯ ನಂಬರು ಉಂಟು, ಓಡಿಸಿದವರ ಹೆಸರಿಲ್ಲ. ಜೊತೆಯ ಡ್ರೈವರುಗಳು ತಮ್ಮ ಕೆಲಸ ಉಳಿದರೆ ಸಾಕೆಂದು ಬಾಯಿ ಹೊಲಿದುಕೊಂಡಿದ್ದಾರೆ. ಎರಡನೆಯ ಸಲ, ಯಾವ ದಿನ ಯಾವ ಡಿಪೋಗೆ ಹೋಗಿದ್ದೆ ಎಂದು ಕೇಳಿದಾಗ ಇವರಿಗೆ ಒಂದಕ್ಕೊಂದು ಕಲಸಿಹೋಯಿತು. ಆಗ ಅಲ್ಲಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರಂತೆ.

ಅಂದು ಮನೆಗೆ ಬಂದವರು ಒಂದೇ ಕೈಯಲ್ಲಿ ಬೂಟು ಬಿಚ್ಚಿಟ್ಟರು. ಆಮೇಲೆ, "ನಾನು ಮಲಗಿದ್ನೇನೋ ಕಣೆ. ನಂಗೇ ನೆನಪಿಲ್ವೇನೋ. ಅಷ್ಟು ದೊಡ್ಡ ಯಂತ್ರ ಹೇಳ್ತಿದೆ. ಅತ್ತಿಗೆ ಮಾಡಿದ್ದು ಬೇರೆ. ತಪ್ಪಿರತ್ತಾ?" ಎಂದರು. ಈಗ ದಿನಾ ಎದ್ದ ಕೂಡಲೇ ಕೇಳುತ್ತಾರೆ, "ನಾನು ಮಲಗಿದ್ನಾ?" ಎಂದು. ಹೌದು, ರಾತ್ರಿ ಮಲಗಿದ್ರಿ ಎನ್ನುತ್ತೇನೆ. "ನೀನು ನೋಡಿದ್ಯಾ?" ಎನ್ನುತ್ತಾರೆ.

ಬರುವ ವಾರ ತಪ್ಪೊಪ್ಪಿಗೆಗೆ ಸಹಿ ಹಾಕು ಎನ್ನುತ್ತಿದ್ದಾರೆ. ಹಾಕಿದರೆ ಶಿಕ್ಷೆ ಕಡಿಮೆಯಾಗಬಹುದಂತೆ, ಹಾಕದಿದ್ದರೆ ಸುಳ್ಳು ಹೇಳಿದ್ದೂ ಸೇರುತ್ತದಂತೆ. ಅಕ್ಕ, ನಿನಗೆ ಏನೋ ಗೊತ್ತಿದೆ. ಅದೇನೆಂದು ಇವರಿಗೆ ಒಂದು ಸಾಲು ಬರೆ. ನಿನ್ನ ಕೆಲಸ ಮುಗಿಯದಿದ್ದರೆ ಬೇಡ, ಅರ್ಧಂಬರ್ಧವಾದರೂ ಪರವಾಗಿಲ್ಲ. ಫೋನ್ ಮಾಡಿದರೂ ಸರಿ, ನಾನು ಜಗಳ ಆಡುವುದಿಲ್ಲ.

ಪುಟ್ಟಿ


ಅಕ್ಟೋಬರ್ 3

ಪುಟ್ಟಿ,

ಇದನ್ನು ನಿಮ್ಮವರಿಗೆ ಓದಿ ಹೇಳು.

ಅವರು ಮಲಗಿರಲಿಲ್ಲ. ಅವರು ಹೇಳಿದ ಒಂದೊಂದು ಮಾತೂ ನಿಜ. ನಾವು ಮಾಡಿದ ವ್ಯವಸ್ಥೆಗೆ ಕೆಲಸ ಎಂದರೆ ಸರಕು. ಲಾರಿಯಲ್ಲಿ ಸರಕಿದ್ದರೆ ಡ್ರೈವರ್ ಕೆಲಸದಲ್ಲಿದ್ದಾನೆ, ಸರಕಿಲ್ಲದಿದ್ದರೆ ವಿಶ್ರಾಂತಿಯಲ್ಲಿದ್ದಾನೆ. ಖಾಲಿ ಲಾರಿ ಓಡಿಸಿದ ಗಂಟೆಗಳನ್ನೆಲ್ಲ ಅದು ವಿಶ್ರಾಂತಿ ಎಂದು ಎಣಿಸಿತು. ಡಿಪೋದವರಿಗೆ ಇದು ಬಹು ಬೇಗ ಅರ್ಥವಾಯಿತು. ಯಾರನ್ನು ಖಾಲಿ ಲಾರಿಗೆ ಹತ್ತಿಸಿದರೂ ಅವನು ಮುಂದಿನ ಡ್ಯೂಟಿಗೆ ಸಿದ್ಧ ಎಂದೇ ಪರದೆ ತೋರಿಸುತ್ತಿತ್ತು. ಉಳಿದ ಡ್ರೈವರುಗಳು ಕೂಗಾಡಿದರು, ತಪ್ಪಿಸಿಕೊಂಡರು. ನಿಮ್ಮವರು ಇಲ್ಲ ಎನ್ನಲಿಲ್ಲ. ಯಾಕೆ ಎನ್ನಲಿಲ್ಲ ಎಂದು ನಿನಗೂ ಗೊತ್ತು, ನನಗೂ ಗೊತ್ತು.

ಮೌನಗೌರಿ ಆ ಸೋಮವಾರ ಹಳದಿ ಬಿಲ್ಲೆ ತಂದದ್ದು ಇದಕ್ಕೇ. ಖಾಲಿ ಲಾರಿಗಳ ಲೆಕ್ಕ ಇದ್ದದ್ದು ಬೇರೆಯವರ ಕಂಪ್ಯೂಟರಿನಲ್ಲಿ, ಅದನ್ನು ಮುಟ್ಟಲು ನಮಗೆ ಅನುಮತಿ ಇರಲಿಲ್ಲ. ಹಾಗಾಗಿ ಅವಳ ಬಳಿ ಪರಿಹಾರ ಇರಲಿಲ್ಲ. ಮರುವಾರ ಯಾಕೆ ಹಸಿರು ಅಂಟಿಸಿದೆ ಎಂದು ಆಗಸ್ಟಿನಲ್ಲಿ ಬಾಗಿಲು ಹಾಕಿಕೊಂಡು ಕೇಳಿದೆ. "ನೀವೇ ಹೇಳಿದ್ರಲ್ಲ ಮೇಡಂ, ಪರಿಹಾರ ಇಲ್ದೆ ಹಳದಿ ತರಬಾರದು ಅಂತ" ಎಂದಳು. ದೂರುವ ಧ್ವನಿಯಲ್ಲೂ ಹೇಳಲಿಲ್ಲ. ಇರುವ ನಿಯಮವನ್ನು ಹೇಳುವ ಹಾಗೆ ಹೇಳಿದಳು.

ಅಷ್ಟು ಕೇಳಿದ ಮೇಲಾದರೂ ನನಗೆ ಬುದ್ಧಿ ಬರಬೇಕಿತ್ತು. ಅಂದೇ ಬಸ್ಸು ಹತ್ತಿ ಬಂದು, ಅವರು ಮಲಗಿರಲಿಲ್ಲ ಎಂದು ಹೇಳಿದ್ದರೆ ಸಾಕಿತ್ತು. ನಾನು ಪರಿಹಾರ ಮಾಡುತ್ತ ಕೂತೆ. ನಿನ್ನ ಹಿಂದಿನ ಕಾಗದ ಬಂದಾಗ ಇನ್ನೊಂದೇ ಪರೀಕ್ಷೆ ಬಾಕಿ ಇತ್ತು. ಅದು ಮುಗಿಯಲಿ, ಬರೆಯೋಣ ಎಂದುಕೊಂಡೆ. ಅದರಲ್ಲಿ ಇನ್ನೊಂದು ತಪ್ಪು ಸಿಕ್ಕಿತು. ಅದು ಸರಿಯಾಗಲಿ ಎಂದುಕೊಂಡೆ. ಸಹಿಯ ವಾರ ಹೀಗೆ ಕಳೆದುಹೋಯಿತು.

ಎಲ್ಲ ಮುಗಿಸಿ ದೊಡ್ಡವರ ಮುಂದೆ ಇಟ್ಟೆ. ಗಮನವಿಟ್ಟು ನೋಡಿದರು. "ಬಹಳ ಅಚ್ಚುಕಟ್ಟಾಗಿದೆ. ಮುಂದಿನ ತಿಂಗಳು ಸದ್ದಿಲ್ಲದೆ ಸೇರಿಸಿಬಿಡಿ. ಹಳೇದನ್ನ ಕೆದಕೋದು ಬೇಡ" ಎಂದರು. ಹೊಗಳಿ ಕಳಿಸಿದರು, ಪುಟ್ಟಿ. ಒಂದೂವರೆ ತಿಂಗಳು ನಾನು ಕಷ್ಟಪಟ್ಟು ಕಟ್ಟಿದ್ದು, ಅವರು ಮುಚ್ಚಿಹಾಕಲು ಬೇಕಾದ ಮುಚ್ಚಳವನ್ನೇ.

ಅಲ್ಲಿಂದ ನೇರ ವಿಚಾರಣೆಯ ಅಧಿಕಾರಿಯ ಬಳಿ ಹೋದೆ. ನಾನು ಕರೆಯದಿದ್ದರೂ ಮೌನಗೌರಿ ಬಂದು ಪಕ್ಕದಲ್ಲಿ ಕೂತಳು. ಇಬ್ಬರೂ ಎಲ್ಲ ಹೇಳಿ, ಬರೆದುಕೊಟ್ಟೆವು. "ಡ್ರೈವರೇ ಒಪ್ಕೊಂಡು ಸಹಿ ಹಾಕಿದಾನಲ್ಲಮ್ಮ. ನಿಮಗಿದು ಯಾವಾಗ ಗೊತ್ತಾಯ್ತು?" ಎಂದು ಅವರು ಕೇಳಿದರು. ಆಗಸ್ಟ್ ಎಂದೆ. ಅವರು ಪೆನ್ನು ಕೆಳಗಿಟ್ಟರು. ನಾನು ಡ್ರೈವರಿನ ಹೆಂಡತಿಯ ಅಕ್ಕ ಎಂದು ತಿಳಿದ ಮೇಲೆ ಅವರು ನನ್ನನ್ನು ನೋಡುವ ರೀತಿಯೇ ಬೇರೆಯಾಯಿತು.

ನಮ್ಮಿಬ್ಬರನ್ನೂ ಕೆಲಸದಿಂದ ತೆಗೆದಿದ್ದಾರೆ. ಅದನ್ನು ಕನಿಕರಕ್ಕಾಗಿ ಬರೆಯುತ್ತಿಲ್ಲ. ನಿನ್ನ ಕ್ಷಮೆ ಕೇಳಲು ನನಗೆ ಮುಖವಿಲ್ಲ. ನಿಮ್ಮವರಿಗೆ ಮೊದಲಿನ ಮಾತನ್ನು ಇನ್ನೊಮ್ಮೆ ಓದಿ ಹೇಳು. ಅವರು ಮಲಗಿರಲಿಲ್ಲ.

ಅಕ್ಕ


ಅಕ್ಟೋಬರ್ 16

ಅಕ್ಕ,

ನಿನ್ನ ಕಾಗದವನ್ನು ಮೊದಲು ಒಬ್ಬಳೇ ಓದಿದೆ. ಓದಿ, ಅಮ್ಮನ ಹೊಲಿಗೆ ಯಂತ್ರದ ಮೇಲೆ ತಲೆಯಿಟ್ಟು ಅತ್ತೆ. ನಿನ್ನ ಮೇಲೆ ಸಿಟ್ಟು ಬಂತು. ಈಗಲೂ ಇದೆ, ಬಹಳ ಇದೆ, ಎಷ್ಟು ದಿನ ಇರುತ್ತದೋ ಗೊತ್ತಿಲ್ಲ. ನನ್ನ ಮೇಲೂ ಇದೆ. ಟೀಗೆ ಉಪ್ಪು ಹಾಕಿದ್ದನ್ನು ಕಣ್ಣಾರೆ ಕಂಡವಳು ನಾನು. ಆದರೂ ಆ ಮುಖವನ್ನು ಬಿಟ್ಟು ನಿನ್ನ ಪರದೆಯನ್ನು ನಂಬಿದೆ.

ಸಂಜೆ ಇವರನ್ನು ಕೂರಿಸಿಕೊಂಡು ಓದಿ ಹೇಳಿದೆ. ಕಿವಿಗೊಟ್ಟು ಕೇಳಿದರು. "ಇನ್ನೊಂದ್ಸಲ ಓದು" ಎಂದರು. ಓದಿದೆ. ಮುಖದ ಮೇಲಿನ ಭಾರ ಸ್ವಲ್ಪವಾದರೂ ಇಳಿಯುತ್ತದೆಯೇ ಎಂದು ನೋಡುತ್ತಲೇ ಓದಿದೆ. ಆಮೇಲೆ ಕಾಗದ ಇಸಿದುಕೊಂಡು, ಆಡುವ ಒಂದೇ ಕೈಯಲ್ಲಿ ಮಡಿಸಿ ನನಗೆ ಕೊಟ್ಟರು.

"ಅತ್ತಿಗೆ ದೊಡ್ಡ ಮನಸ್ಸಿನವರು ಕಣೆ. ನನ್ನ ಉಳಿಸೋಕೆ ತಮ್ಮ ಕೆಲಸಾನೇ ಕಳ್ಕೊಂಡ್ರು. ನಮಗೋಸ್ಕರ ಇಷ್ಟು ದೊಡ್ಡ ಸುಳ್ಳು ಯಾರು ಹೇಳ್ತಾರೆ?" ಎಂದರು.

"ಸುಳ್ಳಲ್ಲ ರೀ, ನಿಜಾನೇ ಬರೆದಿದಾಳೆ" ಎಂದೆ.

"ನಿಜ ಆಗಿದ್ರೆ ಅವರು ಆಗ್ಲೇ ಹೇಳ್ತಿದ್ರಲ್ಲ" ಎಂದರು.

ಅದಕ್ಕೆ ಉತ್ತರ ನಿನ್ನ ಬಳಿ ಇದ್ದರೆ ತಿಳಿಸು.

ಮುಂದಿನ ತಿಂಗಳು ಕೋರ್ಟು. ನಿಮ್ಮಿಬ್ಬರ ಹೇಳಿಕೆ ಇರುವುದರಿಂದ ಸಹಿಯನ್ನು ಹಿಂತೆಗೆದುಕೊಳ್ಳಬಹುದು, ಇಲ್ಲದಿದ್ದರೆ ಜೈಲು ತಪ್ಪಿದ್ದಲ್ಲ ಎಂದು ವಕೀಲರು ಹೇಳಿದರು. ಇವರು ಒಪ್ಪುತ್ತಿಲ್ಲ. "ಬಡಗಿ ಹೆಂಡತಿ ಅಲ್ಲಿ ಬಂದು ಕೂತಿರ್ತಾರೆ. ಅವರ ಮುಂದೆ ನಾನು ಮಾತು ಬದಲಿಸಲ್ಲ. ರೆಸ್ಟ್ ಕೊಟ್ಟಿದ್ರು, ನಾನೇ ಹಾಳು ಮಾಡ್ಕೊಂಡೆ" ಎನ್ನುತ್ತಾರೆ. ಎಲ್ಲಿ, ಹೇಗೆ ಹಾಳು ಮಾಡಿಕೊಂಡರು ಎಂದು ಕೇಳಿದರೆ ಹಣೆ ಉಜ್ಜಿಕೊಳ್ಳುತ್ತ ನೆನಪು ಮಾಡಿಕೊಳ್ಳಲು ನೋಡುತ್ತಾರೆ. ಆಗ ಅವರನ್ನು ನೋಡಲು ನನ್ನಿಂದ ಆಗುವುದಿಲ್ಲ.

ಇವತ್ತು ಬೆಳಗ್ಗೆಯೂ ಕೇಳಿದರು, ನಾನು ಮಲಗಿದ್ನಾ ಎಂದು. ಅವರು ಇಡೀ ರಾತ್ರಿ ರೆಪ್ಪೆ ಮುಚ್ಚಿರಲಿಲ್ಲ. ಪಕ್ಕದಲ್ಲಿ ನಾನೂ ಮುಚ್ಚಿರಲಿಲ್ಲ. "ಇಲ್ಲ ರೀ, ಮಲಗಿರಲಿಲ್ಲ" ಎಂದೆ. ನನ್ನನ್ನು ನಂಬದವರ ಹಾಗೆ ನೋಡಿ ಗೋಡೆಯ ಕಡೆ ತಿರುಗಿಕೊಂಡರು.

ನೀನು ಬಾ, ಅಕ್ಕ. ಕಾಗದದಲ್ಲಿ ಆಗುವ ಕೆಲಸ ಅಲ್ಲ ಇದು. ಬರಿಗೈಯಲ್ಲಿ ಬಾ, ಪರಿಹಾರ ಏನೂ ತರಬೇಡ. ಅವರ ಎದುರು ಕೂತು ನಿನ್ನ ಬಾಯಿಂದ ಹೇಳು. ಒಂದು ಸಲಕ್ಕೆ ನಂಬುವುದಿಲ್ಲ. ನಂಬುವವರೆಗೂ ದಿನಾ ಹೇಳಬೇಕಾಗುತ್ತದೆ. ನಡುಮನೆಯಲ್ಲಿ ನಿನಗೊಂದು ಹಾಸಿಗೆ ಹಾಕಿದ್ದೇನೆ.

ನಿನ್ನ ಪುಟ್ಟಿ